ಹಲಗೇರಿಯ ಎಮ್ಮೆಗೂ ತಿಳಿಯುವ ಮಾತು

ಜನವರಿ ೨೦, ಸೋಮವಾರ

ಸಿಟ್ಟು ಬಂದಾಗ ಎದುರಿಗಿದ್ದವರ ಮೇಲೆ ಕಾರಬೇಡಿ, ಮನೆಗೆ ಹೋಗಿ ಒಂದು ಕಡೆ ಬರೆದಿಡಿ ಎಂದಿದ್ದಾರೆ ಹಾವೇರಿಯ ಡಾಕ್ಟರು. ರಕ್ತದೊತ್ತಡ ನೂರಾ ಅರವತ್ತು ದಾಟಿದೆಯಂತೆ. ದಿನಾ ಬೆಳಿಗ್ಗೆ ನಡೆಯಬೇಕಂತೆ. ನಡೆಯುವುದು ನನ್ನಿಂದಾಗದು, ಬರೆಯುವುದಾದರೂ ಆಗಲಿ ಎಂದು ಡೈರಿ ತಂದಿದ್ದೇನೆ. ನಮ್ಮ ಕಾಲೇಜಿನ ಮಂದಿಗೆ ಒಂದು ಸಾಲಲಿಕ್ಕಿಲ್ಲ.

ಇವತ್ತು ಪ್ರಾಂಶುಪಾಲರು ಕರೆದು ಕೂರಿಸಿ ಚಹಾ ತರಿಸಿದರು. ಅವರು ಚಹಾ ತರಿಸಿದರೆಂದರೆ ಹೊರೆ ಹೊರಿಸುತ್ತಾರೆ ಎಂದೇ ಅರ್ಥ. ‘ಕ್ರೀಡಾಪಟುಗಳ ಶೈಕ್ಷಣಿಕ ನೆರವು ಕೋಶ’ ಎಂದು ಒಂದನ್ನು ಹುಟ್ಟಿಸಿದ್ದಾರೆ. ಮುಂದಿನ ವರ್ಷ ಮಾನ್ಯತಾ ಸಮಿತಿ ಬರುತ್ತದೆ, ಅದಕ್ಕೆ ತೋರಿಸಲು ಫೈಲು ಬೇಕು. ಖೋ ಖೋ ತಂಡದ ಆರು ಹುಡುಗಿಯರಿಗೆ ಮೂರನೇ ಸೆಮಿಸ್ಟರಿನ ಅರ್ಥಶಾಸ್ತ್ರ ಉಳಿದಿದೆ. ವಾರಕ್ಕೆ ಮೂರು ದಿನ ಸಂಜೆ ನಾಲ್ಕಕ್ಕೆ ನಾನು ಅವರಿಗೆ ಕಲಿಸಬೇಕು.

"ನಿಮ್ಮನ್ನ ಬಿಟ್ರ ಈ ಕೆಲಸ ಯಾರಿಗೂ ಆಗೂದಿಲ್ರಿ, ಕಾವೇರಿ ಮೇಡಂ," ಎಂದರು. ಅಂದರೆ ಉಳಿದವರೆಲ್ಲ ಒಲ್ಲೆವೆಂದು ಕೈ ತೊಳೆದುಕೊಂಡಿದ್ದಾರೆ.

ಇಪ್ಪತ್ತಾರು ವರ್ಷ ಹಾವೇರಿಯಿಂದ ರಾಣೇಬೆನ್ನೂರಿಗೆ ಬಸ್ಸಿನಲ್ಲಿ ಓಡಾಡಿ ಪಾಠ ಮಾಡಿದ್ದಕ್ಕೆ ಸಿಕ್ಕ ಬಡ್ತಿ ಇದು. ಓಡುವವರಿಗೆ ಓದು ಹೇಳುವುದು.

ಜನವರಿ ೨೨, ಬುಧವಾರ

ಮೊದಲ ತರಗತಿ. ಬೆವರು, ನೋವಿನ ಮುಲಾಮು ಎರಡೂ ಕೂಡಿದ ವಾಸನೆ ಹುಡುಗಿಯರಿಗಿಂತ ಮೊದಲೇ ಒಳಗೆ ಬಂತು. ಆರೂ ಜನ ಬೆನ್ನು ನೆಟ್ಟಗೆ ಮಾಡಿ, ಮಂಡಿಯ ಮೇಲೆ ಕೈಯಿಟ್ಟು ಕುಳಿತರು. ಒಬ್ಬಳ ಹತ್ತಿರವೂ ನೋಟ್‌ಬುಕ್ ಇಲ್ಲ.

"ಬರಕೊಳ್ಳೂದಿಲ್ಲೇನು?" ಎಂದೆ.

"ಮೈದಾನದಾಗ ಯಾರೂ ಬರಕೊಳ್ಳೂದಿಲ್ರಿ. ಕೇಳತೇವ್ರಿ," ಎಂದಳು ನಾಯಕಿ.

ಈ ನಾಯಕಿಯ ಹೆಸರು ದುರ್ಗಾ. ಹಲಗೇರಿಯವಳು, ಬಿ.ಎ. ಕೊನೆಯ ವರ್ಷ. ಇದೇ ವಿಷಯದಲ್ಲಿ ಎರಡು ಸಲ ಮುಗ್ಗರಿಸಿದ್ದಾಳೆ. ಆಟದಲ್ಲಿ ವಿಶ್ವವಿದ್ಯಾಲಯದ ತಂಡದವರೆಗೆ ಹೋಗಿ ಬಂದಿದ್ದಾಳಂತೆ, ಹಾಗಾಗಿ ಬಿ.ಪಿ.ಎಡ್.ನಲ್ಲಿ ಕ್ರೀಡಾ ಕೋಟಾದ ಸೀಟು ಕೈಗೆ ಬಂದಂತೆಯೇ ಎಂದು ದೈಹಿಕ ಶಿಕ್ಷಣದ ಫಕ್ಕೀರೇಶ ಸರ್ ಹೇಳಿದರು. ಮೇ ತಿಂಗಳ ಪರೀಕ್ಷೆಯಲ್ಲಿ ಅರ್ಥಶಾಸ್ತ್ರ ಪಾಸಾದರೆ ಪದವಿ, ಪದವಿ ಇದ್ದರೆ ಸೀಟು, ಸೀಟು ಸಿಕ್ಕರೆ ಮುಂದೆ ಶಾಲೆಯ ಪಿ.ಟಿ. ಟೀಚರು. ಪಾಸಾಗದಿದ್ದರೆ ಹಲಗೇರಿಯಲ್ಲೇ ಮದುವೆ. ವರನನ್ನು ನೋಡಿಟ್ಟಿದ್ದಾರಂತೆ.

ಬೇಡಿಕೆಯ ನಿಯಮವನ್ನು ಮೂರು ಸಲ ಹೇಳಿದೆ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ, ಬೆಲೆ ಇಳಿದರೆ ಬೇಡಿಕೆ ಏರುತ್ತದೆ, ಉಳಿದದ್ದೆಲ್ಲ ಇದ್ದಂತೆಯೇ ಇದ್ದರೆ. ತಿರುಗಿ ಕೇಳಿದರೆ ಆರೂ ಜನ ಗೋಡೆ ನೋಡಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ದುರ್ಗಾ ಮಾತ್ರ, "ಮೇಡಂ, ಉಳಿದದ್ದು ಯಾವಾಗ ಇದ್ದಂಗ ಇರತೈತ್ರಿ?" ಎಂದು ಅಡ್ಡಪ್ರಶ್ನೆ ಹಾಕಿದಳು. ನನಗೆ ತಲೆ ಕೆಟ್ಟಿತು. "ಇದು ಹಲಗೇರಿಯ ಎಮ್ಮೆಗೂ ತಿಳಿಯುವ ಮಾತು!" ಎಂದೆ.

"ಹೌದ್ರಿ," ಎಂದಳು. ಅವಮಾನವಾದದ್ದೂ ಗೊತ್ತಾಗದ ಜಾತಿ.

ಜನವರಿ ೨೯, ಬುಧವಾರ

ಪ್ರಾಂಶುಪಾಲರು ಫೋಟೋದವನನ್ನು ಕರೆದುಕೊಂಡು ಬಂದರು. ಹಿಂದೆ ಬ್ಯಾನರು. ಹುಡುಗಿಯರ ಒಂದು ಕೈಗೆ ಪುಸ್ತಕ, ಇನ್ನೊಂದು ಕೈಗೆ ಕಪಾಟಿನ ಹಳೆಯ ಟ್ರೋಫಿ. ನನಗೆ ಹಲಗೆಯ ಕಡೆ ಬೆರಳು ತೋರಿಸಿ ನಿಲ್ಲಲು ಹೇಳಿದರು. ಹಲಗೆಯ ಮೇಲೆ ಏನೂ ಬರೆದಿರಲಿಲ್ಲ. ನಾಲ್ಕು ನಿಮಿಷದಲ್ಲಿ ನೆರವು ಕೊಟ್ಟು ಮುಗಿಸಿ ಹೋದರು.

ಅವರು ಹೋದ ಮೇಲೆ ಎಲ್ಲರಿಗೂ ನೋಟ್‌ಬುಕ್ ಹಿಡಿಸಿ ಮೊದಲಿನಿಂದ ಹೇಳಿ ಬರೆಸಿದೆ. ತಲೆ ತಗ್ಗಿಸಿ ಬರೆದುಕೊಂಡರು. ಎಮ್ಮೆಯ ಮಾತನ್ನು ಮತ್ತೆ ಆಡಬೇಕಾಯಿತು. ಪ್ರತಿ ತರಗತಿಯಲ್ಲೂ ಆಡಬೇಕಾಗುತ್ತಿದೆ.

ಫೆಬ್ರವರಿ ೩

ರಜೆ ಹಾಕೋಣವೆನಿಸಿತು. ಹಾಕಲಿಲ್ಲ. ಹಾಕಿದರೆ ಮೇಡಂ ಸೋತರು ಎಂದು ಫಕ್ಕೀರೇಶ ಸರ್ ಊರೆಲ್ಲ ಸೀಟಿ ಊದಿಕೊಂಡು ಬಂದಾರು.

ಫೆಬ್ರವರಿ ೭, ಶುಕ್ರವಾರ

ಫಕ್ಕೀರೇಶ ಸರ್ ಸ್ಟಾಫ್ ರೂಮಿನಲ್ಲಿ ನೆನೆಸಿದ ಕಡಲೆ ತಿನ್ನುತ್ತ ಕುಳಿತಿದ್ದರು. ಆ ಮನುಷ್ಯನ ಕೊರಳಲ್ಲಿ ಸೀಟಿ ಯಾವಾಗಲೂ ಇರುತ್ತದೆ. ಮದುವೆಗೂ ಹಾಕಿಕೊಂಡೇ ಹೋಗುತ್ತಾರೋ ಏನೋ.

"ನಿಮ್ಮ ಹುಡುಗ್ಯಾರು ಬಾಯೇ ಬಿಡೂದಿಲ್ಲಲ್ರಿ. ಬೈದರೂ ಅಷ್ಟ, ಕೇಳಿದರೂ ಅಷ್ಟ," ಎಂದೆ.

"ನಾನ ಹಂಗ ಬೆಳೆಸೇನ್ರಿ," ಎಂದು ಹೆಮ್ಮೆಪಟ್ಟರು. "ಅಂಪೈರ್ ಸೀಟಿ ಊದಿದ ಅಂದ್ರ ಔಟ್. ಖರೇ ಇರವಲ್ದ್ಯಾಕ, ಸುಳ್ಳ ಇರವಲ್ದ್ಯಾಕ, ಎದ್ದು ಹೊರಗ ಬರಬೇಕು. ವಾದಾ ಮಾಡಿದಾಕಿಗೆ ಒಂದು ವಾರ ಮೈದಾನದಾಗ ಕಾಲಿಡಾಕ ಬಿಡೂದಿಲ್ಲ. ಹೇಳಿದ್ದನ್ನ ಹೇಳಿದಂಗ ಮಾಡಬೇಕು, ತಮಗ ಬೇಕಾದ್ದಷ್ಟ ಆರಿಸಿಕೊಳ್ಳಾಕ ಹೋಗಬಾರದು."

"ಇದಕ್ಕ ದನಾ ಕಾಯೋದು ಅಂತಾರ್ರಿ ನಮ್ಮ ಕಡೆ."

ನಕ್ಕರು. ಕಡಲೆ ಮುಂದೆ ಹಿಡಿದರು. ಬೇಡವೆಂದೆ.

ಫೆಬ್ರವರಿ ೧೪, ಶುಕ್ರವಾರ

ಇವತ್ತಿನದನ್ನು ಬರೆದೇ ತೀರುತ್ತೇನೆ.

ನಿನ್ನೆ ಸಿದ್ಧತಾ ಪರೀಕ್ಷೆ ಇಟ್ಟಿದ್ದೆ. ಮೂರು ಮಂದಿ ಒಂದು ಬೆಂಚಿನಲ್ಲಿ, ಮೂರು ಮಂದಿ ಇನ್ನೊಂದರಲ್ಲಿ. ನಡುವೆ ಪ್ರಾಂಶುಪಾಲರು ಕರೆದರೆಂದು ಹತ್ತು ನಿಮಿಷ ಹೊರಗೆ ಹೋಗಿದ್ದೆ. ಇವತ್ತು ತಿದ್ದಲು ಕುಳಿತರೆ ಆರೂ ಉತ್ತರಗಳು ಒಂದೇ. ಒಂದಕ್ಷರ ಆಚೆ ಈಚೆ ಇಲ್ಲ. ಇಷ್ಟು ದಿನ ಗೋಡೆ ನೋಡಿದವರು ಒಮ್ಮೆಲೇ ಪಂಡಿತರಾದರೇನು? ಅಷ್ಟೇ ಆಗಿದ್ದರೆ ನಕ್ಕು ಸೊನ್ನೆ ಸುತ್ತಿ ಸುಮ್ಮನಾಗುತ್ತಿದ್ದೆ. ಆರರಲ್ಲೂ ನಿಯಮದ ಕೆಳಗೆ, ಪೂರ್ಣವಿರಾಮ ಸಹಿತ ಹೀಗಿದೆ: "ಇದು ಹಲಗೇರಿಯ ಎಮ್ಮೆಗೂ ತಿಳಿಯುವ ಮಾತು."

ನಕಲು ಮಾಡಿದ್ದಲ್ಲದೆ ನನ್ನನ್ನೇ ಗೇಲಿ ಮಾಡಿದ್ದಾರೆ! ಓಡುವ ಕಾಲಿನವರು, ಉತ್ತರಪತ್ರಿಕೆಯಲ್ಲಿ, ನನ್ನನ್ನು!

ಕರೆಸಿದೆ. "ಇದು ಯಾರ ಕೆಲಸ? ಕಾಪಿ ಹೊಡದೀರಿಲ್ಲೋ?" ಎಂದು ಕೂಗಿದೆ. ಐವರೂ ದುರ್ಗಾಳ ಮುಖ ನೋಡಿದರು. ಆಕೆ ಒಂದು ಹೆಜ್ಜೆ ಮುಂದೆ ಬಂದು ಬಾಯಿ ತೆರೆಯುವಷ್ಟರಲ್ಲಿ, "ಹೊರಗ ನಡಿ," ಎಂದೆ. ತಲೆ ಬಗ್ಗಿಸಿ ಹೊರಗೆ ನಡೆದಳು. ತಪ್ಪಿಲ್ಲದವರು ಹೀಗೆ ಹೋಗುತ್ತಾರೆಯೇ? ಇಲ್ಲವೆಂದು ಒಂದು ಮಾತಾದರೂ ಆಡುವುದಿಲ್ಲವೇ?

ಎರಡು ಪುಟದ ವರದಿ ಬರೆದು ಪ್ರಾಂಶುಪಾಲರಿಗೆ ಕೊಟ್ಟೆ. ಒಳ್ಳೆಯ ವರದಿ. ಇತ್ತೀಚೆಗೆ ನಾನು ಇಷ್ಟು ಚೆನ್ನಾಗಿ ಏನನ್ನೂ ಬರೆದಿಲ್ಲ.

ಫೆಬ್ರವರಿ ೧೭, ಸೋಮವಾರ

ಆದೇಶ ಬಂತು. ದುರ್ಗಾ ತಂಡದಿಂದ ಹೊರಗೆ. ಗುರುವಾರ ಬ್ಯಾಡಗಿಯಲ್ಲಿ ನಡೆಯುವ ವಲಯದ ಫೈನಲ್‌ಗೆ ಅವಳಿಲ್ಲ. ನಡತೆ ಪ್ರಮಾಣಪತ್ರದಲ್ಲಿ ‘ತೃಪ್ತಿಕರವಲ್ಲ’ ಎಂದು ಬರೆಯುತ್ತಾರಂತೆ. ಉಳಿದ ಐವರಿಗೆ ಎಚ್ಚರಿಕೆ.

ಫಕ್ಕೀರೇಶ ಸರ್ ಮೊದಲ ಸಲ ಸೀಟಿಯಿಲ್ಲದ ದನಿಯಲ್ಲಿ ಮಾತಾಡಿದರು. "ಮೇಡಂ, ಆ ಸರ್ಟಿಫಿಕೇಟ್ ಹಿಡಕೊಂಡ ಹೋದ್ರ ಬಿ.ಪಿ.ಎಡ್.ಗೆ ಯಾರೂ ಒಳಗ ಬಿಟ್ಟುಕೊಳ್ಳೂದಿಲ್ರಿ. ಆಕಿ ಮೂರು ವರ್ಷ ಓಡಿದ್ದೆಲ್ಲ ಹೋತು."

"ಓಡೋದರ ಜೋಡಿ ಒಂದೀಟು ಓದಿದ್ರ ಹೋಗತಿರಲಿಲ್ಲ," ಎಂದೆ.

ಮೂರು ದಿನದಿಂದ ಆಕೆ ಕಾಲೇಜಿಗೆ ಬಂದಿಲ್ಲವಂತೆ. ಬರದಿದ್ದರೆ ಬೆಂಚಿಗೆ ಭಾರ ಕಡಿಮೆ.

ಫೆಬ್ರವರಿ ೨೦, ಗುರುವಾರ

ಹುಡುಗಿಯರ ತಂಡದ ಜೊತೆ ಮಹಿಳಾ ಸಿಬ್ಬಂದಿ ಇರಲೇಬೇಕೆಂದು ನಿಯಮ. ಬ್ಯಾಡಗಿಗೆ ನನ್ನನ್ನೇ ಅಟ್ಟಿದರು. ಫಕ್ಕೀರೇಶ ಸರ್ ಬೈಕಿನಲ್ಲಿ ಮೊದಲೇ ಹೋಗಿದ್ದರು, ನಮಗೆ ಕ್ರೂಸರ್ ಗಾಡಿ. ನಾನು ಮುಂದೆ, ಹುಡುಗಿಯರು ಹಿಂದೆ. ಗುರುವಾರ ಮೆಣಸಿನಕಾಯಿ ಸಂತೆಯ ದಿನವೆಂದು ಯಾರ ತಲೆಗೂ ಹೊಳೆದಿರಲಿಲ್ಲ. ಊರ ಹೊರಗೇ ಲಾರಿ, ಟ್ರ್ಯಾಕ್ಟರುಗಳ ಸಾಲು. ಘಾಟಿಗೆ ಎಲ್ಲರೂ ಸೀನಿ ಸೀನಿ ಸುಸ್ತಾದೆವು. ಮುಖಕ್ಕೆ ಸೆರಗು ಮುಚ್ಚಿ ಕಣ್ಣು ಮುಚ್ಚಿದೆ. ನಿದ್ದೆ ಹೋದೆನೆಂದುಕೊಂಡರು.

ಹಿಂದಿನಿಂದ ಗುತ್ತಲದ ಸುನಿತಾ ಮೆಲ್ಲಗೆ ಶುರು ಮಾಡಿದಳು. "ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ. ಖೋ." ಪಕ್ಕದವಳು: "ಬೆಲೆ ಇಳಿದರೆ ಬೇಡಿಕೆ ಏರುತ್ತದೆ. ಖೋ." ಮೂರನೆಯವಳು: "ಉಳಿದದ್ದೆಲ್ಲ ಇದ್ದಂತೆಯೇ ಇದ್ದರೆ. ಖೋ." ಆಮೇಲೆ ಯಾರೂ ಮುಂದೆ ಹೇಳಲಿಲ್ಲ.

"ಹೇಳ್ರೆ ಯಾರರ."

"ಅದು ದುರ್ಗಕ್ಕಂದು. ನಾ ಒಲ್ಲೆ."

ಕಡೆಗೆ ಯಾರೋ ಹೇಳಿದಳು. ನನ್ನದೇ ದನಿ, ನನ್ನದೇ ಮೂಗು. "ಇದು ಹಲಗೇರಿಯ ಎಮ್ಮೆಗೂ ತಿಳಿಯುವ ಮಾತು. ಖೋ." ಕೂಡಲೇ ಐದನೆಯವಳು ಸರಪಳಿ ಹಿಡಿದು ಬೇಡಿಕೆ ರೇಖೆಗೆ ಹೋದಳು, ಅಲ್ಲಿಂದ ಇನ್ನೊಬ್ಬಳು ಅಪವಾದಗಳಿಗೆ. ಎರಡು ಪುಟ ಹೇಳಿದರು. ಒಂದಕ್ಷರ ಆಚೆ ಈಚೆ ಆಗಲಿಲ್ಲ.

ಸೆರಗು ತೆಗೆದು ತಿರುಗಿದೆ. ಎಲ್ಲರೂ ಬೆಪ್ಪಾದರು. "ಇದನ್ನ ಯಾವಾಗ ಕಲತ್ರಿ?" ಎಂದೆ.

"ಮುಂಜಾನೆ ಮೈದಾನದಾಗ ರೌಂಡ್ ಹೊಡಿಯೂಮುಂದ್ರಿ," ಎಂದಳು ಸುನಿತಾ. "ಕುಂತು ಓದಿದ್ರ ನಮ್ಮ ತಲ್ಯಾಗ ನಿಂದರೂದಿಲ್ರಿ. ದುರ್ಗಕ್ಕ ಹಿಂಗ ಒಬ್ಬೊಬ್ಬರಿಗೆ ಒಂದೊಂದು ಹಂಚ್ಯಾಳ್ರಿ. ತಿಂಗಳಾತ್ರಿ."

"ಮತ್ತ ಆ ಎಮ್ಮೀದು ಯಾಕ ಬರದ್ರಿ?"

ಸುನಿತಾ ನನ್ನನ್ನು ಸೋಜಿಗದಿಂದ ನೋಡಿದಳು. "ನೀವು ದಿನಾ ಹೇಳತಿದ್ರೆಲ್ರಿ ಮೇಡಂ, ಅದರ ಹಿಂದನ. ಬಿಟ್ರ ತಪ್ಪಾಗತೈತಿ ಅಂತ ಬರದ್ವಿರಿ."

"ಹಂಗಾರ ಅವತ್ತು ಆಕಿ ಯಾಕ ಹೇಳಲಿಲ್ಲ?"

"ನೀವು ಹೊರಗ ನಡಿ ಅಂದ್ರೆಲ್ರಿ. ಅಂದ ಮ್ಯಾಲ ಮಾತಾಡಬಾರದ್ರಿ."

ಮಧ್ಯಾಹ್ನದ ಪಂದ್ಯದಲ್ಲಿ ಎರಡು ಅಂಕದಿಂದ ಸೋತರು. ಕಂಬದ ಹತ್ತಿರ ದುರ್ಗಾ ಇರಬೇಕಿದ್ದ ಚೌಕದಲ್ಲಿ ಬೇರೆ ಹುಡುಗಿ ಕೂತಿದ್ದಳು, ಎರಡು ಸಲ ತಡವಾಗಿ ಎದ್ದಳು. ಅಷ್ಟು ನನಗೂ ಕಾಣಿಸಿತು. ಫಕ್ಕೀರೇಶ ಸರ್ ನನ್ನ ಕಡೆ ತಿರುಗಲಿಲ್ಲ. ಅದೇ ಒಳ್ಳೆಯದಾಯಿತು. ನನಗೆ ನಾಚಿಕೆಯಾಯಿತು. ಎಷ್ಟು ನಾಚಿಕೆಯೆಂದರೆ ದಾರಿಯಲ್ಲಿ ಚಾಲಕನಿಗೆ ಸುಮ್ಮಸುಮ್ಮನೆ ಬೈದೆ.

ಫೆಬ್ರವರಿ ೨೧, ಶುಕ್ರವಾರ

ಎರಡು ಪುಟದ ವರದಿ ಅರ್ಧ ಗಂಟೆಯಲ್ಲಿ ಬರೆದಿದ್ದೆ. ನಾಲ್ಕು ಸಾಲಿನ ತಪ್ಪೊಪ್ಪಿಗೆಗೆ ಇಡೀ ಬೆಳಿಗ್ಗೆ ಹೋಯಿತು. ‘ತಪ್ಪು ಗ್ರಹಿಕೆಯಿಂದ’ ಎಂದು ಬರೆದೆ, ಹೊಡೆದೆ. ‘ಸಂದರ್ಭಾನುಸಾರ’ ಎಂದು ಬರೆದೆ, ಹೊಡೆದೆ. ಕಡೆಗೆ, ‘ವಿದ್ಯಾರ್ಥಿನಿಯರು ನಕಲು ಮಾಡಿಲ್ಲ, ಬಾಯಿಪಾಠ ಮಾಡಿದ್ದಾರೆ, ನಾನು ವಿಚಾರಿಸದೆ ವರದಿ ಕೊಟ್ಟೆ’ ಎಂದು ಬರೆದು ಒಯ್ದೆ.

ಪ್ರಾಂಶುಪಾಲರು ಓದಿ ಮಡಚಿ ತಿರುಗಿ ಕೊಟ್ಟರು. "ಇರಲಿ ಬಿಡ್ರಿ ಮೇಡಂ. ಅದು ಆಗಲೇ ಫೈಲಿಗೆ ಸೇರೇತಿ. ಶಿಸ್ತು ಕ್ರಮ ಅಂತ ಒಂದು ಕಾಗದ ಬೇಕಾಗಿತ್ತು, ಛಲೋ ಆತು."

"ಹಂಗಾರ ಇದನ್ನೂ ಅದರ ಹಿಂದ ಹಚ್ಚರಿ. ಸಮಿತಿಯವರು ಬಂದ್ರ ನಾನ ಓದಿ ಹೇಳತೇನಿ. ನೆರವು ಕೋಶದವರು ಹುಡುಗೀ ಸೀಟು ಹೆಂಗ ಕಳದ್ರು ಅಂತ."

ನನ್ನ ಕೈಯಿಂದ ಕಾಗದ ಕಿತ್ತುಕೊಂಡರು. ಐದು ನಿಮಿಷದಲ್ಲಿ ಆದೇಶ ರದ್ದಾಯಿತು. ಅಂಜುಬುರುಕ ಮನುಷ್ಯ. ಈ ಅಂಜುಬುರುಕನಿಗೆ ಇಪ್ಪತ್ತಾರು ವರ್ಷದಲ್ಲಿ ಎದುರಾಡಿದ್ದು ಇದೇ ಮೊದಲು ಎಂದು ಬಸ್ಸಿನಲ್ಲಿ ಕುಳಿತ ಮೇಲೆ ನೆನಪಾಯಿತು.

ಫೆಬ್ರವರಿ ೨೩, ಭಾನುವಾರ

ಹಲಗೇರಿಗೆ ಹೋಗಿದ್ದೆ. ಆದೇಶ ರದ್ದಾದದ್ದನ್ನು ಫೋನಿನಲ್ಲಿ ಹೇಳಬಹುದಿತ್ತು, ಫಕ್ಕೀರೇಶ ಸರ್ ಹೇಳುತ್ತೇನೆಂದೂ ಅಂದರು. ಆ ಮನುಷ್ಯ ಅರ್ಧ ಹೇಳಿ ಅರ್ಧ ನುಂಗುತ್ತಾರೆ. ಅದಕ್ಕೇ ಹೋದೆ, ಬೇರೆ ಕಾರಣವಿಲ್ಲ.

ದುರ್ಗಾಳ ಅವ್ವ ಉಡಚವ್ವ ಎಮ್ಮೆ ಹಿಂಡುತ್ತಿದ್ದಳು. ಯಾರೆಂದು ಹೇಳಿದೆ. ಚರಿಗೆ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಎಮ್ಮೀ ಮೇಡಂ ಅಂದ್ರ ನೀವೇನ್ರಿ?"

ಹೌದೆಂದು ತಲೆಯಾಡಿಸಿದೆ.

"ನಮ್ಮ ಹುಡುಗಿ ಹೆಂಡಿ ಬಳಿಯೂಮುಂದ, ರೊಟ್ಟಿ ಬಡಿಯೂಮುಂದ ಅದನ್ನ ಒದರತಿದ್ಳು ನೋಡ್ರಿ. ನನಗೂ ಬಾಯಿಗೆ ಬಂದೈತಿ. ಬೆಲಿ ಏರಿದ್ರ ಬೇಡಿಕಿ ಇಳೀತೈತಿ, ಬೆಲಿ ಇಳಿದ್ರ ಬೇಡಿಕಿ ಏರತೈತಿ." ಎಮ್ಮೆಯ ಬೆನ್ನು ತಟ್ಟಿದಳು. "ಇದಕ್ಕೂ ಗೊತ್ತೈತಿ ಅಂತ ನೀವ ಹೇಳೀರಂತ. ಮೇಡಂ ನಮ್ಮ ಎಮ್ಮೀ ಹೆಸರ ತಗೊಂಡಾರ ಅಂತ ಆಕಿಗೆ ಖುಷಿ ಆಗಿತ್ರಿ."

ಅಷ್ಟರಲ್ಲಿ ದುರ್ಗಾ ಮೇವಿನ ಹೊರೆ ಹೊತ್ತು ಬಂದಳು. ಆದೇಶ ರದ್ದಾಗಿದೆ, ನಡತೆ ಒಳ್ಳೆಯದೆಂದೇ ಬರೆಯುತ್ತಾರೆ ಎಂದೆ. ತಪ್ಪು ನನ್ನದು ಎಂದೂ ಅಂದೆ. ಹೊರೆ ಇಳಿಸಿ, "ಫೈನಲ್ ಹೋತಲ್ರಿ," ಎಂದಳು. ಅಷ್ಟೇ. ಸಿಟ್ಟಿನಿಂದ ಅನ್ನಲಿಲ್ಲ. ಅಂದಿದ್ದರೆ ತಿರುಗಿ ಬೈಯಲಿಕ್ಕಾದರೂ ಬರುತ್ತಿತ್ತು.

"ನಾಳೆ ಬರತೀ?" ಎಂದೆ.

"ಬಾ ಅಂದ್ರ ಬರತೇನ್ರಿ."

"ಬಾ," ಎಂದೆ. ಉಡಚವ್ವ ಒಂದು ತಂಬಿಗೆ ಹಾಲು ಕೊಟ್ಟಳು. ಬೇಡವೆನ್ನದೆ ತೆಗೆದುಕೊಂಡೆ.

ಮಾರ್ಚ್ ೫, ಬುಧವಾರ

ಡಾಕ್ಟರು ನಡೆಯಲೇಬೇಕೆಂದು ಹಟ ಹಿಡಿದಿದ್ದಾರೆ. ಹಾವೇರಿಯ ರಸ್ತೆಗಳಲ್ಲಿ ನಾಯಿ ಕಾಟ. ಆದ್ದರಿಂದ ಬೆಳಗಿನ ಮೊದಲ ಬಸ್ಸಿಗೆ ರಾಣೇಬೆನ್ನೂರಿಗೆ ಬಂದು ಕಾಲೇಜಿನ ಮೈದಾನದಲ್ಲೇ ನಡೆಯುತ್ತಿದ್ದೇನೆ. ಹುಡುಗಿಯರು ಸುತ್ತ ಓಡುತ್ತಾರೆ. ಎದುರು ಬಂದಾಗ ಒಂದೊಂದು ಪ್ರಶ್ನೆ ಎಸೆಯುತ್ತೇನೆ, ಮುಂದಿನ ಸುತ್ತಿಗೆ ಉತ್ತರ ತರುತ್ತಾರೆ. ಫಕ್ಕೀರೇಶ ಸರ್ ಒಂದು ಸೀಟಿ ತಂದುಕೊಟ್ಟರು. ಎಂಥ ಹುಚ್ಚು! ಚೀಲದಲ್ಲಿ ಹಾಕಿಟ್ಟಿದ್ದೇನೆ.

ಮಾರ್ಚ್ ೨೬

ಎಮ್ಮೆಯ ಸಾಲನ್ನು ಬಿಟ್ಟು ಹೇಳೆಂದರೆ ದುರ್ಗಾಳಿಗೆ ಆಗುತ್ತಿಲ್ಲ. ಅಲ್ಲಿಗೆ ಬಂದು ಕಾಲೂ ನಿಲ್ಲುತ್ತದೆ, ಬಾಯಿಯೂ ನಿಲ್ಲುತ್ತದೆ. ಅದು ಹೋದರೆ ಮುಂದಿನ ರೇಖೆ, ಕೋಷ್ಟಕ, ಅಪವಾದ ಎಲ್ಲವೂ ಹೋಗುತ್ತವೆ. ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಅದನ್ನು ಬರೆದರೆ ತಿದ್ದುವ ಪುಣ್ಯಾತ್ಮ ನಗುತ್ತಾನೆ, ಅಂಕ ಕೊಡುವುದಿಲ್ಲ.

ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಬಿತ್ತಿದವಳು ನಾನು, ಕಳೆ ಕೀಳುವವಳೂ ನಾನೇ ಆಗಬೇಕಷ್ಟೇ. "ಮನಸ್ಸಿನ್ಯಾಗ ಅನ್ನು, ಕಾಗದದ ಮ್ಯಾಗ ಬರೀಬ್ಯಾಡ," ಎಂದೆ. ಹತ್ತು ಸುತ್ತು ಓಡಿ ರೂಢಿ ಮಾಡಿಕೊಂಡಳು. ಆ ಸಾಲು ಬಂದಾಗ ತುಟಿ ಮುಚ್ಚಿ ಎರಡು ಹೆಜ್ಜೆ ಇಡುತ್ತಾಳೆ.

ಏಪ್ರಿಲ್ ೧೧

"ಉಳಿದದ್ದು ಯಾವಾಗ ಇದ್ದಂಗ ಇರತೈತ್ರಿ?" ದುರ್ಗಾ ಮತ್ತೆ ಕೇಳಿದಳು. ಎಂದೂ ಇರುವುದಿಲ್ಲ, ಪುಸ್ತಕದಲ್ಲಷ್ಟೇ ಎಂದೆ. ಇದು ಒಳ್ಳೆಯ ಪ್ರಶ್ನೆ. ಜನವರಿಯಲ್ಲೂ ಒಳ್ಳೆಯದೇ ಆಗಿತ್ತು.

ಮೇ ೨೧, ಬುಧವಾರ

ಪರೀಕ್ಷೆ. ನನ್ನ ಕೆಲಸವಿರಲಿಲ್ಲ, ಆದರೂ ಕಾರಿಡಾರಿನಲ್ಲಿ ಸುಮ್ಮನೆ ಹಾದುಹೋದೆ. ನಾಲ್ಕು ಸಲ. ಕಿಟಕಿಯಿಂದ ದುರ್ಗಾ ಕಂಡಳು. ಬರೆಯುತ್ತ ಬರೆಯುತ್ತ ನಿಲ್ಲಿಸಿದಳು, ತುಟಿ ಮುಚ್ಚಿಕೊಂಡಳು, ಬೆಂಚಿನ ಕೆಳಗೆ ಕಾಲು ಎರಡು ಸಲ ನೆಲಕ್ಕೆ ಬಡಿದಳು. ಮತ್ತೆ ಬರೆಯತೊಡಗಿದಳು.

ಜುಲೈ ೪, ಶುಕ್ರವಾರ

ಆರರಲ್ಲಿ ಐವರು ಪಾಸು. ದುರ್ಗಾಳಿಗೆ ನಲವತ್ತೇಳು. ಐವತ್ತೈದಾದರೂ ಕೊಡಬೇಕಿತ್ತು, ತಿದ್ದಿದವನು ಯಾವನೋ ಕುರುಡ. ಪಾಸಾಗದವಳು ಸುನಿತಾ. ಅವಳಿಗೆ ಮತ್ತೆ ಮೊದಲಿನಿಂದ.

ಪ್ರಾಂಶುಪಾಲರು ನೆರವು ಕೋಶದ ಸಾಧನೆ ಎಂದು ಪತ್ರಿಕೆಗೆ ಸುದ್ದಿ ಕೊಟ್ಟಿದ್ದಾರೆ. ಬೆರಳು ತೋರಿಸುವ ನನ್ನ ಫೋಟೋ, ಹಿಂದೆ ಖಾಲಿ ಹಲಗೆ.

ಜುಲೈ ೩೦, ಬುಧವಾರ

ದುರ್ಗಾ ಹೋದಳು. ಬಿ.ಪಿ.ಎಡ್. ಸೀಟು ಸಿಕ್ಕಿತು. ನಡತೆ ಪ್ರಮಾಣಪತ್ರ ಒಯ್ಯಲು ಬಂದವಳು ಸ್ಟಾಫ್ ರೂಮಿಗೂ ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದಳು. "ಸಾಕು ಏಳು, ಮೊಣಕಾಲು ಜ್ವಾಕಿ," ಎಂದೆ. ಬೇರೇನಾದರೂ ಅನ್ನಬೇಕಿತ್ತು.

ಆಗಸ್ಟ್ ೨೫, ಸೋಮವಾರ

ನೆರವು ಕೋಶಕ್ಕೆ ಹೊಸ ತಂಡ. ಐವರು ಹೊಸ ಹುಡುಗಿಯರು, ಜೊತೆಗೆ ಸುನಿತಾ. ಅದೇ ವಾಸನೆ, ಅದೇ ನೆಟ್ಟಗಿನ ಬೆನ್ನು. ಈ ಸಲ ನೋಟ್‌ಬುಕ್ ತಂದಿದ್ದರು.

ಬೇಡಿಕೆಯ ನಿಯಮ ಹೇಳಿ ಬರೆಸಿದೆ. ಬೆಲೆ ಏರಿದರೆ, ಬೆಲೆ ಇಳಿದರೆ, ಉಳಿದದ್ದೆಲ್ಲ ಇದ್ದಂತೆಯೇ ಇದ್ದರೆ. ಅಲ್ಲಿಗೆ ಮುಗಿಸಿ ಹಲಗೆಯ ಮೇಲೆ ರೇಖೆ ಎಳೆಯಲು ತಿರುಗಿದೆ. ಪೆನ್ನಿನ ಸದ್ದು ನಿಂತಿತು. ತಿರುಗಿ ನೋಡಿದರೆ ಆರೂ ಜನ ಪೆನ್ನು ಎತ್ತಿ ಹಿಡಿದು ನನ್ನ ಬಾಯಿ ನೋಡುತ್ತಿದ್ದಾರೆ.

"ಯಾಕ ನಿಂತ್ರಿ?"

ಎಲ್ಲರಿಗಿಂತ ಸಣ್ಣವಳು, ಈ ವರ್ಷವೇ ತಂಡ ಸೇರಿದವಳು, ಎದ್ದು ನಿಂತಳು. "ಮೇಡಂ, ಎಮ್ಮೀದು ಬಿಟ್ರಿ."

"ಅದು ಪರೀಕ್ಷೆಗೆ ಬರೂದಿಲ್ಲ."

"ಗೊತ್ತೈತ್ರಿ. ಪರೀಕ್ಷಾದಾಗ ಮನಸ್ಸಿನ್ಯಾಗ ಅನ್ನಬೇಕ್ರಿ, ಕಾಗದದ ಮ್ಯಾಗ ಬರೀಬಾರದ್ರಿ. ಆದ್ರ ಮೊದಲ ನೀವ ಹೇಳಬೇಕ್ರಿ. ನಿಮ್ಮ ಬಾಯಿಂದ ಬಂದ್ರನ ನೆನಪು ಉಳೀತೈತಿ ಅಂತ ದುರ್ಗಕ್ಕ ಹೇಳಿ ಹೋಗ್ಯಾಳ್ರಿ."

ಇಪ್ಪತ್ತಾರು ವರ್ಷ ಪಾಠ ಮಾಡಿದ್ದೇನೆ. ನಾನು ಹೇಳಿದ್ದರಲ್ಲಿ ತರಗತಿಯ ಬಾಗಿಲು ದಾಟಿ ಒಬ್ಬರಿಂದೊಬ್ಬರಿಗೆ ನಡೆದುಹೋದದ್ದು ಇದೊಂದೇ ಸಾಲು. ಇದೂ ಬೈಗುಳ.

ಆರು ಪೆನ್ನುಗಳು ಕಾಯುತ್ತಿದ್ದವು. ಹೇಳಿದೆ. ತಲೆ ತಗ್ಗಿಸಿ ಬರೆದುಕೊಂಡರು.